ತುಂಬದ ಗುಂಡಿ

ಶನಿವಾರ ಬೆಳಿಗ್ಗೆ ನರ್ಸಮ್ಮನ ಫೋನು ಬಂದಾಗ ಸೋಮಯ್ಯ ಅಚ್ಚಿನಿಂದ ಸಿಮೆಂಟು ರಿಂಗು ಬಿಡಿಸುತ್ತಿದ್ದ. ಗುಂಡ್ಲುಪೇಟೆಯ ಸುತ್ತಮುತ್ತ ಕಕ್ಕಸಿನ ಗುಂಡಿ ತೋಡಿ, ರಿಂಗು ಇಳಿಸಿ, ಮೇಲೆ ಚಪ್ಪಡಿ ಮುಚ್ಚಿಕೊಡುವುದು ಅವನ ಮೂವತ್ತು ವರ್ಷದ ಕಸುಬು.

"ಅಣ್ಣ, ನೀಲಕಂಠಸ್ವಾಮಿ ಮೇಷ್ಟ್ರ ಮನೆ ನಾವು ತಕೋತಾ ಇದ್ದೀವಿ. ಸೋಮವಾರ ಅಗ್ರಿಮೆಂಟು. ಅದ್ಕೂ ಮುಂಚೆ ಬಾವಿ, ಗುಂಡಿ ಎರಡ್ನೂ ನೋಡ್ಬುಡನ ಅಂತ. ಆ ಗುಂಡಿ ಮಾಡ್ದೋರು ನೀವೇಯಂತೆ. ಮಧ್ಯಾಹ್ನ ಬಂದು ತೋರುಸ್ತೀರಾ?"

"ಬತ್ತೀನಿ ಕಣವ್ವ" ಅಂದ ಸೋಮಯ್ಯ. ಫೋನು ಜೇಬಿಗಿಟ್ಟು ತಿರುಗಿದರೆ ರಿಂಗಿನ ಅಂಚು ಮುಕ್ಕಾಗಿತ್ತು. ಹಸಿ ರಿಂಗನ್ನು ಹಾಗೆ ಎಳೆಯಬಾರದು ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನರ್ಸಮ್ಮ ಅಂದರೆ ಶಿವರಂಜಿನಿ. ಕುದೇರಿನ ಕಡೆಯವಳು. ವರ್ಗವಾಗಿ ಈ ಊರಿಗೆ ಬಂದು ಎರಡು ವರ್ಷವಾಗಿತ್ತು. ಗಂಡ ಕನಕರಾಜು ಬಸ್ ಡ್ರೈವರು. ಬಾಡಿಗೆ ಮನೆ ಸಾಕಾಗಿ, ಊಟಿ ರಸ್ತೆಯ ಬದಿಯಲ್ಲಿದ್ದ ಮೇಷ್ಟ್ರ ಹೆಂಚಿನ ಮನೆಯನ್ನು ಒಪ್ಪಿಕೊಂಡಿದ್ದರು. ನಿವೃತ್ತರಾಗಿದ್ದ ಮೇಷ್ಟ್ರು ಚಾಮರಾಜನಗರದಲ್ಲಿ ಮಗಳ ಮನೆಯ ಪಕ್ಕದಲ್ಲೇ ಒಂದು ಚಿಕ್ಕ ಮನೆ ನೋಡಿಕೊಂಡಿದ್ದರು. ಎರಡು ಕಡೆಯವರಿಗೂ ಖುಷಿಯ ವ್ಯವಹಾರ.

ಸೋಮಯ್ಯನೊಬ್ಬನಿಗೆ ಮಾತ್ರ ಆ ಗುಂಡಿಯ ಒಳಗುಟ್ಟು ಗೊತ್ತಿತ್ತು.

ಹದಿನೈದು ವರ್ಷದ ಹಿಂದೆ ಮೇಷ್ಟ್ರು ಹಿತ್ತಲ ಮೂಲೆಯಲ್ಲಿ, ಬಾವಿಯಿಂದ ನಲವತ್ತು ಅಡಿ ದೂರಕ್ಕೆ, ತಾವೇ ಹೆಜ್ಜೆ ಹಾಕಿ ಅಳೆದು ಜಾಗ ಗುರುತು ಮಾಡಿದ್ದರು. ಹತ್ತು ಅಡಿ ಆಳ, ಹತ್ತು ರಿಂಗು ಅಂತ ಮಾತಾಗಿತ್ತು. ಆಮೇಲೆ ಮಗಳ ಬಾಣಂತನಕ್ಕೆಂದು ಗಂಡ ಹೆಂಡತಿ ಚಾಮರಾಜನಗರಕ್ಕೆ ಹೋದರು. ಸೋಮಯ್ಯ ತೋಡಿದರೆ ನಾಲ್ಕೇ ಅಡಿಗೆ ಬಂಡೆ ಸಿಕ್ಕಿತು. ಒಡೆಯುವುದಕ್ಕೆ ವಾರವಾದರೂ ಬೇಕು. ಚಂದಕವಾಡಿಯಲ್ಲಿ ದೊಡ್ಡ ಕೆಲಸ ಕಾಯುತ್ತಿತ್ತು, ಅವರು ದಿನಕ್ಕೆ ಮೂರು ಸಲ ಕರೆಯುತ್ತಿದ್ದರು. ಅವನು ನಾಲ್ಕು ರಿಂಗು ಇಳಿಸಿ, ಪಕ್ಕದಿಂದ ಒಂದು ಪೈಪು ಹಾಕಿ, ನೆಲದೊಳಗೇ ಎಳೆದು, ಮಣ್ಣು ಸಡಿಲವಾಗಿದ್ದ ಕಡೆ ನೀರು ಇಂಗಲಿ ಅಂತ ಬಿಟ್ಟ. ಸಡಿಲ ಮಣ್ಣು ಇದ್ದದ್ದು ಬಾವಿಯ ಪಕ್ಕದಲ್ಲಿ. ಉಳಿದ ಆರು ರಿಂಗನ್ನು ಚಂದಕವಾಡಿಗೆ ಸಾಗಿಸಿದ. ಮೇಷ್ಟ್ರು ವಾಪಸು ಬರುವಷ್ಟರಲ್ಲಿ ಚಪ್ಪಡಿ ಮುಚ್ಚಿ, ಮಣ್ಣು ತಟ್ಟಿ, ಮೇಲೆ ಎರಡು ಬಾಳೆ ಕಂದೂ ನೆಟ್ಟಾಗಿತ್ತು.

ಮಧ್ಯಾಹ್ನ ಹಿತ್ತಲಲ್ಲಿ ಎಲ್ಲರೂ ಸೇರಿದರು. ಮೇಷ್ಟ್ರು ಉತ್ಸಾಹದಿಂದ ಬಾವಿಯ ರಾಟೆ ತಿರುಗಿಸಿ ತೋರಿಸಿದರು.

"ನಲ್ಲಿ ನೀರು ನಾಲ್ಕು ದಿನಕ್ಕೊಂದ್ಸಲ ಬರ್ತದೆ ಕಣಮ್ಮ. ಬಾವಿ ಮಾತ್ರ ಒಂದು ಬೇಸಿಗೇಲೂ ಕೈ ಬಿಟ್ಟಿಲ್ಲ. ಊರೆಲ್ಲ ಕ್ಯಾನ್ ಹಿಡ್ಕೊಂಡು ಫಿಲ್ಟರ್ ನೀರಿಗೆ ಹೋಯ್ತಾರೆ. ನಾವು ಇವತ್ತಿಗೂ ಹೋಗಿಲ್ಲ. ಇನ್ನು ಗುಂಡಿ ಕತೆ ಕೇಳು. ಹದಿನೈದು ವರ್ಷ ಆಯ್ತು, ಒಂದ್ಸಲಾನಾದ್ರೂ ತುಂಬಿದ್ರೆ ಕೇಳು! ಪಕ್ಕದ ಮನೆಯೋರು ಮೂರು ಸಲ ಟ್ಯಾಂಕರ್ ತರ್ಸಿ ಖಾಲಿ ಮಾಡ್ಸಿದ್ರು. ಸೋಮಯ್ಯನ ಕೈಗುಣ ಅಂದ್ರೆ ಹಂಗೆ."

ಕನಕರಾಜು ಮೆಚ್ಚಿಕೊಂಡು ನಕ್ಕ. ಶಿವರಂಜಿನಿ ನಗಲಿಲ್ಲ.

"ತುಂಬ್ಲೇ ಇಲ್ಲ ಅಂದ್ರೆ ಅದೆಲ್ಲ ಎಲ್ಲಿಗೋಯ್ತದೆ ಅಣ್ಣ?"

ಸೋಮಯ್ಯ ಬಾಳೆಗಿಡದ ಕಡೆ ನೋಡುತ್ತಾ, "ನೆಲ ಈರ್ಕತದೆ ಕಣವ್ವ. ಇಲ್ಲಿ ಮಣ್ಣು ಅಂಗದೆ" ಅಂದ.

"ಎಷ್ಟು ಆಳ ಅದೆ?"

"ಅತ್ತಡಿ."

ಮಾತು ಬಾಯಿಂದ ಹೊರಟದ್ದು ಅವನಿಗೇ ಬೇರೆ ಯಾರೋ ಆಡಿದಂತೆ ಕೇಳಿಸಿತು. ಚಪ್ಪಡಿ ಸರಿಸಿ ಗಳ ಇಳಿಸಿ ನೋಡೋಣ ಅಂದಳು ಶಿವರಂಜಿನಿ. ಚಪ್ಪಡಿ ಗಾರೆ ಹಿಡಿದಿದೆ, ಒಡೆದರೆ ಮತ್ತೆ ಹೊಸದೇ ಬೇಕಾಗುತ್ತದೆ ಅಂತ ಸೋಮಯ್ಯ ತಪ್ಪಿಸಿದ. ಆಗ ಅವಳು ಬ್ಯಾಗಿನಿಂದ ಒಂದು ಪುಟ್ಟ ಬಾಟಲಿ ತೆಗೆದಳು. ತಳದಲ್ಲಿ ಏನೋ ಪುಡಿ ಅಂಟಿತ್ತು. ಬಾವಿ ನೀರನ್ನು ಗುರುತಿನ ತನಕ ತುಂಬಿ ಭದ್ರವಾಗಿ ಮುಚ್ಚಳ ತಿರುಗಿಸಿದಳು.

"ಎರಡು ದಿನ ಬೆಚ್ಚಗಿರೋ ಜಾಗದಲ್ಲಿ ಇಟ್ರೆ ಸಾಕು. ಕಕ್ಕಸಿನ ನೀರು ಸೇರಿದ್ರೆ ಕಪ್ಪಾಯ್ತದೆ."

"ನಮ್ಮ ಅಡುಗೆಮನೇಲೇ ಇಡಮ್ಮ, ಒಲೆ ಪಕ್ಕದ ಗೂಡಲ್ಲಿ" ಅಂದರು ಮೇಷ್ಟ್ರು. "ಎರಡು ದಿನ ಅಲ್ಲ, ಎರಡು ತಿಂಗಳು ಇಡು."

ಭಾನುವಾರ ಸೋಮಯ್ಯನಿಗೆ ಕೂತಲ್ಲಿ ಕೂರಲಾಗಲಿಲ್ಲ. ಸಿಮೆಂಟು ಕಲಸಿದ, ಅಚ್ಚಿಗೆ ಹಾಕದೆ ಹಾಗೇ ಬಿಟ್ಟು ಬೀದಿಗೆ ಹೋದ. ಟೀ ಅಂಗಡಿಯಲ್ಲಿ ಟೀ ಹೇಳಿ, ಬರುವ ಮೊದಲೇ ಎದ್ದ. ಚೆಂಡು ಹೂವು ಕೀಳುವ ಕೂಲಿಗೆ ಹೊರಟಿದ್ದ ಹೆಂಡತಿ ದೊಡ್ಡಮಾದಮ್ಮ ಬುತ್ತಿ ಕಟ್ಟುತ್ತಾ ಅವನನ್ನೇ ನೋಡುತ್ತಿದ್ದಳು.

"ಯಾನಾಗದೆ ನಿಮ್ಗೆ? ಬೆಳಗಿಂದ ಬಾಗ್ಲಿಗೂ ಬೀದಿಗೂ ತಿರುಗ್ತಾನೇ ಇದ್ದೀರಲ್ಲ."

"ಯಾನಿಲ್ಲ ಕಣಮ್ಮಿ. ಓಗು, ಹೊತ್ತಾಯ್ತದೆ."

ಅವಳು ಹೋದ ಅರ್ಧ ಗಂಟೆಗೆ ಅವನ ಕಾಲು ಮೇಷ್ಟ್ರ ಮನೆಯ ಮುಂದಿತ್ತು. ಬಾಗಿಲು ತೆರೆದಿತ್ತು. ಮೇಷ್ಟ್ರು ಸಂತೆಗೆ ಹೋಗಿದ್ದರು. ಅವರ ಹೆಂಡತಿ ಮಹಾಲಕ್ಷ್ಮಮ್ಮ ಪಾತ್ರೆ ಪಗಡೆಯನ್ನೆಲ್ಲ ಗೋಣಿಚೀಲಕ್ಕೆ ತುಂಬುತ್ತಿದ್ದರು.

"ಬಾ ಸೋಮಯ್ಯ. ಆ ಅಟ್ಟದ ಮೇಲಿನ ಹಂಡೆ ಇಳಿಸ್ಕೊಡಪ್ಪ, ನನ್ ಕೈಲಾಗಲ್ಲ" ಅಂತ ಅಡುಗೆಮನೆ ತೋರಿಸಿ, ಚೀಲ ಹೊಲಿಯುವ ದಬ್ಬಳ ಹುಡುಕಲು ಒಳಗಿನ ಕೋಣೆಗೆ ಹೋದರು.

ಬಾಟಲಿ ಗೂಡಿನಲ್ಲೇ ಇತ್ತು. ನೀರು ಆಗಲೇ ಕಂದು ತಿರುಗಿ, ತಳದಲ್ಲಿ ಇದ್ದಿಲಿನ ಬಣ್ಣ ಬರುತ್ತಿತ್ತು. ಸೋಮಯ್ಯ ಅದನ್ನು ಕೈಗೆತ್ತಿಕೊಂಡ. ಬೀದಿ ಮೂಲೆಯಲ್ಲೇ ಫಿಲ್ಟರ್ ನೀರಿನ ಘಟಕ ಇತ್ತು. ಚೆಲ್ಲಿ, ತೊಳೆದು, ಒಳ್ಳೇ ನೀರು ತುಂಬಿಟ್ಟರೆ ಯಾರಿಗೆ ಗೊತ್ತಾಗಬೇಕು? ಆದರೆ ಆ ಪುಡಿ? ಪುಡಿ ಹೋದರೆ ನರ್ಸಮ್ಮನಿಗೆ ತಿಳಿಯದೇ ಇರುತ್ತದೆಯೆ? ಹೆಬ್ಬೆರಳು ಮುಚ್ಚಳದ ಮೇಲೇ ಇತ್ತು. ಹೆಜ್ಜೆ ಸದ್ದು ಕೇಳಿ ಬಾಟಲಿಯನ್ನು ಗೂಡಿಗೆ ತಳ್ಳಿದ.

ಹಂಡೆ ಇಳಿಸಿಕೊಟ್ಟಾಗ ಅವನ ಬೆನ್ನೆಲ್ಲ ಬೆವೆತಿತ್ತು. ಮಹಾಲಕ್ಷ್ಮಮ್ಮ ಒಂದು ಚೊಂಬು ನೀರು ತಂದು ಹಿಡಿದರು.

"ಬ್ಯಾಡಿ ಅವ್ವಾ."

"ಯಾವತ್ತೂ ಇದೇ ಆಯ್ತಲ್ಲ ನಿಂದು. ಹದಿನೈದು ವರ್ಷದಿಂದ ಕೊಡ್ತಾನೇ ಇದ್ದೀನಿ, ಒಂದಿನ ಮುಟ್ಟಿಲ್ಲ ನೀನು. ಹಿಂದಿನೋರು ಮಾಡಿದ್ದನ್ನ ಇನ್ನೂ ಮನಸ್ಸಲ್ಲಿ ಇಟ್ಕೊಂಡಿದ್ದೀಯೇನಪ್ಪ? ನಮ್ಮನೇಲಿ ಅಂಥದ್ದೆಲ್ಲ ಇಲ್ಲ ಕಣಪ್ಪ. ಈ ಚೊಂಬಲ್ಲೇ ನಾವೂ ಕುಡಿಯೋದು."

ಸೋಮಯ್ಯ ಟವಲಿನಿಂದ ಮುಖ ಒರೆಸಿಕೊಂಡು, "ಬಾಯಾರಿಲ್ಲ ಕಣಿ ಅವ್ವಾ" ಅಂತ ಹೇಳಿ ಅಲ್ಲಿಂದ ಕಾಲು ಕಿತ್ತ.

ಸೋಮವಾರ ಬೆಳಿಗ್ಗೆ ಕನಕರಾಜು ಪತ್ರ ಬರೆಸಿಕೊಂಡೇ ಬಂದಿದ್ದ. ಸಾಕ್ಷಿ ರುಜುವಿಗೆ ಒಬ್ಬರು ಬೇಕು ಅಂತ ಮೇಷ್ಟ್ರು ಸೋಮಯ್ಯನನ್ನೂ ಕರೆಸಿದ್ದರು. ಶಿವರಂಜಿನಿ ಅಡುಗೆಮನೆಯಿಂದ ಬಾಟಲಿ ತಂದು ಜಗಲಿಯ ಮೇಲಿಟ್ಟಳು. ನೀರು ಹರಳೆಣ್ಣೆ ದೀಪದ ಮಸಿಯಂತೆ ಕಪ್ಪಾಗಿತ್ತು.

ಮೇಷ್ಟ್ರ ಮುಖ ಸಣ್ಣಗಾಯಿತು.

"ಬಾಟಲೀನೇ ಹಳೇದಿರಬೇಕು. ಇಲ್ಲ ಅಂದ್ರೆ ಬಾವಿಗೆ ಪಾರಿವಾಳ ಏನಾದ್ರೂ ಬಿದ್ದಿರಬೇಕು."

"ಅದೇ ಇರ್ಬೇಕು" ಅಂತ ಕನಕರಾಜು ಬೇಗ ಒಪ್ಪಿಕೊಂಡ. ಇಂಥ ಮನೆ ಮತ್ತೆ ಸಿಗುತ್ತದೋ ಇಲ್ಲವೋ ಅನ್ನುವ ಆತುರ ಅವನದು. "ಬಾವಿ ಸೇದಿ ಬ್ಲೀಚಿಂಗ್ ಹಾಕ್ಸುದ್ರೆ ಆಯ್ತದೆ ರಂಜಿನಿ. ಕುಡಿಯಕ್ಕೆ ಫಿಲ್ಟರ್ ನೀರು ತಕೊಳ್ಳನ."

"ನೀನೇ ಹೇಳು ಸೋಮಯ್ಯ" ಅಂದರು ಮೇಷ್ಟ್ರು. "ಅಷ್ಟು ದೂರದ ಗುಂಡಿ ನೀರು ಬಾವಿಗೆ ಬರ್ತದಾ?"

ತಪ್ಪಿಸಿಕೊಳ್ಳುವ ದಾರಿಯನ್ನು ಅವರೇ ತೆರೆದು ಕೊಟ್ಟಿದ್ದರು. ಪಾರಿವಾಳ ಅಂದರೆ ಸಾಕಿತ್ತು. ಅಷ್ಟರಲ್ಲಿ ಮಹಾಲಕ್ಷ್ಮಮ್ಮ ಹಿತ್ತಲಿಗೆ ಹೋಗಿ, ರಾಟೆ ಕಿರುಗುಟ್ಟಿಸಿ, ಒಂದು ಬಿಂದಿಗೆ ಸೇದಿ ತಂದರು. ಅವರ ಮುಖ ಕೆಂಪಾಗಿತ್ತು.

"ನಾವೇನು ಸುಳ್ಳು ಹೇಳಿ ಮನೆ ಮಾರೋರಲ್ಲ ಕಣಮ್ಮ. ಇದೇ ನೀರು ಕುಡ್ಕೊಂಡೇ ಬದುಕಿರೋದು. ನೋಡು, ನಿನ್ನ ಕಣ್ಮುಂದೇ ಕುಡೀತೀನಿ." ಚೊಂಬು ತುಂಬಿ ಮೇಲೆತ್ತಿದರು.

"ಅವ್ವಾ, ಕುಡೀಬ್ಯಾಡಿ!"

ಸೋಮಯ್ಯ ಎದ್ದು ಬಂದು ಚೊಂಬು ಹಿಡಿದುಕೊಂಡಿದ್ದ. ನೀರು ಇಬ್ಬರ ಕಾಲ ಮೇಲೂ ಚೆಲ್ಲಿತು.

"ನಾನೇ ಮಾಡ್ಬುಟ್ಟೆ ಕಣಿ ಬುದ್ದಿ" ಅಂದ, ಮೇಷ್ಟ್ರ ಕಡೆ ತಿರುಗಿ. "ನಾಕಡಿಗೇ ಬಂಡೆ ಸಿಕ್ತು. ಒಡೀನಿಲ್ಲ. ಪೈಪ್ ಎಳ್ದು ಬಾವಿ ಮಗ್ಗುಲ್ಗೆ ಬುಟ್ಬುಟ್ಟೆ. ಅದ್ಕೇಯ ಗುಂಡಿ ತುಂಬಿಲ್ಲ."

ಹಾರೆ ಎಲ್ಲಿದೆ ಅಂತ ಅವನಿಗೆ ಗೊತ್ತಿತ್ತು. ಯಾರೂ ಹೇಳದಿದ್ದರೂ ತಂದು ಬಾವಿಕಟ್ಟೆಯಿಂದ ಐದಾರು ಅಡಿ ಆಚೆ ತೋಡಲು ಶುರುಮಾಡಿದ. ಮೊಣಕಾಲುದ್ದ ಇಳಿಯುವಷ್ಟರಲ್ಲಿ ಮಣ್ಣು ಕಪ್ಪಾಗಿ ನಾತ ಬಂತು. ಇನ್ನೊಂದು ಏಟಿಗೆ ಪೈಪಿನ ಬಾಯಿ ಕಂಡಿತು. ಶಿವರಂಜಿನಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಕನಕರಾಜು ಕೈಯಲ್ಲಿದ್ದ ಪತ್ರವನ್ನು ಸುಮ್ಮನೆ ಮಡಚಿ ಜೇಬಿಗಿಟ್ಟ.

ಮೇಷ್ಟ್ರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತರು. ಬೈಯುತ್ತಾರೆ ಅಂತ ಸೋಮಯ್ಯ ಕಾದ. ಬೈಯಲಿಲ್ಲ. ಮಾತಾಡಿದ್ದು ಮಹಾಲಕ್ಷ್ಮಮ್ಮ.

"ಅದಕ್ಕೇ ನೀನು ನಮ್ಮನೇಲಿ ನೀರು ಕುಡೀತಿರ್ಲಿಲ್ಲ."

ಸೋಮಯ್ಯ ತಲೆ ತಗ್ಗಿಸಿದ.

"ನಾನು ಏನೇನೋ ಅಂದ್ಕೊಂಡೆ ಕಣೋ. ನಿನ್ನ ಮನಸ್ಸು ನೋಯಬಾರದು ಅಂತ ಪ್ರತಿ ಸಲ ತಂದು ಕೊಡ್ತಿದ್ದೆ. ವರ್ಷಕ್ಕೆ ಎರಡು ಸಲ ಹೊಟ್ಟೆ ಕೆಟ್ಟು ಮಲಗ್ತಿದ್ದೆ. ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗ್ತಿದ್ದೆ. ಆಗ್ಲೂ ಬಂದು ಹೆಂಗಿದ್ದೀರವ್ವಾ ಅಂತ ಕೇಳ್ತಿದ್ದೆಯಲ್ಲೋ."

ಅವನು ಮೇಷ್ಟ್ರ ಕಡೆ ತಿರುಗಿದ. "ಬಂಡೆ ಒಡ್ದು ಸರಿ ಮಾಡ್ಕೊಡ್ತೀನಿ ಬುದ್ದಿ" ಅಂದ.

"ಬೇಡ" ಅಂದರು ಮೇಷ್ಟ್ರು. "ಆ ಪೈಪು ಕಿತ್ತು ಹೋಗು. ಮತ್ತೆ ಈ ಹಿತ್ತಲಿಗೆ ಕಾಲಿಡಬೇಡ."

ಮೂವತ್ತೈದು ಅಡಿ ಪೈಪನ್ನೂ ಅವನು ಬಿಸಿಲಲ್ಲಿ ಒಬ್ಬನೇ ಅಗೆದು ತೆಗೆದ. ಮಧ್ಯಾಹ್ನ ಮೂರಾಯಿತು. ಹೋಗುವಾಗ ಮನೆಯ ಬಾಗಿಲು ಮುಚ್ಚಿತ್ತು.

ಮನೆ ಮಾರಾಟ ನಿಂತುಹೋಗಲಿಲ್ಲ, ಆದರೆ ಎರಡೂವರೆ ತಿಂಗಳು ತಡವಾಯಿತು. ತೆರಕಣಾಂಬಿ ಕಡೆಯಿಂದ ಬಂದವರು ಮಷೀನು ಇಟ್ಟು ಬಂಡೆ ಒಡೆದು, ತಳಕ್ಕೆ ಕಾಂಕ್ರೀಟು ಹಾಕಿ ಹೊಸ ಗುಂಡಿ ಕಟ್ಟಿದರು. ಬಾವಿಯನ್ನು ಮೂರು ಸಲ ಬರಿದು ಮಾಡಿ ಬ್ಲೀಚಿಂಗ್ ಹಾಕಿದರು. ಶಿವರಂಜಿನಿ ಇಟ್ಟ ಎರಡನೆಯ ಬಾಟಲಿಯೂ ಕಪ್ಪಾಯಿತು, ಮೂರನೆಯದು ಆಗಲಿಲ್ಲ. ಆಮೇಲೂ ವಾರ ಕಾದು, ಇನ್ನೊಂದು ಬಾಟಲಿ ಇಟ್ಟು ನೋಡಿಯೇ ಅವಳು ರುಜು ಹಾಕಿದಳು. ಇದನ್ನೆಲ್ಲ ಸೋಮಯ್ಯ ಟೀ ಅಂಗಡಿಯಲ್ಲಿ ಅವರಿವರ ಬಾಯಲ್ಲಿ ಕೇಳಿದ. ಪೇಟೆಯಲ್ಲಿ ಸುದ್ದಿ ಹರಡಿ ಅವನಿಗೆ ಕೆಲಸ ಕಡಿಮೆಯಾಗಿತ್ತು. ದೊಡ್ಡಮಾದಮ್ಮ ಎಲ್ಲವನ್ನೂ ಕೇಳಿ ಎರಡು ದಿನ ಮಾತು ಬಿಟ್ಟಿದ್ದಳು. ಮೂರನೆಯ ದಿನ ಮುದ್ದೆ ಬಡಿಸುತ್ತಾ ಒಂದೇ ಮಾತು ಕೇಳಿದಳು.

"ಇಂಥವು ಇನ್ನೆಷ್ಟವೆ?"

ಅವನ ಕೈ ತಟ್ಟೆಯಲ್ಲೇ ನಿಂತಿತು. "ಮೂರು" ಅಂದ.

ಅಂದಿನಿಂದ ಆ ಮೂರು ಅವನನ್ನು ಮಲಗಗೊಡಲಿಲ್ಲ, ಕೂರಗೊಡಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಆಸ್ಪತ್ರೆಯ ಮುಂದೆ ಹೋಗಿ ನಿಂತ. ಶಿವರಂಜಿನಿ ಅವನನ್ನು ಕಂಡು ಹುಬ್ಬು ಗಂಟಿಕ್ಕಿದಳು. ಅವನು ಹೇಳಿದ್ದನ್ನೆಲ್ಲ ಕೇಳಿದ ಮೇಲೆ ಒಳಗೆ ಹೋಗಿ ಮೂರು ಬಾಟಲಿ ತಂದು ಕೊಟ್ಟಳು. "ಕೈ ತೊಳ್ಕೊಂಡು ತುಂಬಿ" ಅಂತ ಹೇಳಿದಳು, ಅಷ್ಟೆ.

ಭೀಮನಬೀಡಿನ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಸೋಮಯ್ಯ ಬಾಗಿಲ ಹತ್ತಿರವೇ ನಿಂತಿದ್ದ. ಸ್ಟಾಪಿನಲ್ಲಿ ಇಳಿದು ಎರಡು ಬೀದಿ ನಡೆದ. ಆ ಮೂರು ಗುಂಡಿಗಳಲ್ಲಿ ಒಂದು ಮರಿಯಯ್ಯನದು. ಅವನು ಮನೆಯ ಮುಂದೆ ಈರುಳ್ಳಿ ಹರಡಿ ಒಣಹಾಕುತ್ತಿದ್ದ. ಇವನನ್ನು ಕಂಡು ಮುಖ ಅರಳಿಸಿದ.

"ಓ, ಬಾರ್ಲಾ ಸೋಮ! ಎಷ್ಟು ದಿನ ಆಯ್ತು ಕಣ್ಲಾ. ಕೂತ್ಕ, ಕೂತ್ಕ."

ಸೋಮಯ್ಯ ಕೂರಲಿಲ್ಲ. "ಮರಿಯಣ್ಣ" ಅಂದ, "ಮೊದ್ಲು ಹಿತ್ತಲ್ಗೆ ಹೋಗನ ಬಾ. ನಿಂಗೊಂದು ಮಾತು ಹೇಳ್ಬೇಕು."