ಯಂಕವ್ವನ ಎರಡು

ಪಾಳಿ ಮುಗಿಯಲು ಇನ್ನೂ ಅರ್ಧ ಗಂಟೆಯಿತ್ತು, ಸುಮಂಗಲಾಳ ಕಾಲುಗಳು ಮಾತ್ರ ಆಗಲೇ ಸೋತಿದ್ದವು. ಪುಣೆಯ ಆ ವಾರ್ಡಿನಲ್ಲಿ ಕನ್ನಡ ಬಲ್ಲ ನರ್ಸ್ ಅವಳೊಬ್ಬಳೇ. ಹೀಗಾಗಿ ಯಂಕವ್ವನ ನೋವು ಕೇಳುವ ಕೆಲಸ ಮೂರು ದಿನದಿಂದ ಅವಳ ಕೊರಳಿಗೇ ಬಿದ್ದಿತ್ತು. ಕಟ್ಟಡದ ಕೆಲಸದಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಯಾದಗಿರಿಯ ಹೆಣ್ಣುಮಗಳು. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟೆಂದು ಕೇಳಿದರೆ ದಿನವೂ ಒಂದೇ ಉತ್ತರ: "ಎರಡ್ರಿ." ಎರಡಕ್ಕೆ ಬರೀ ಗುಳಿಗೆ, ಇಂಜೆಕ್ಷನ್ ಬೇಕೆಂದರೆ ಏಳು ದಾಟಬೇಕು.

ಇವತ್ತು ಪಕ್ಕದ ಸ್ಟೂಲು ಖಾಲಿಯಿತ್ತು. ದಿನವೂ ಅದರ ಮೇಲೆ ಕೂರುತ್ತಿದ್ದ ಅವಳ ಮಾವ, ಗಂಡನ ತಂದೆ ಅವ್ವಣ್ಣ, ಚಹಾ ತರಲು ಹೋಗಿದ್ದ. ಯಂಕವ್ವ ಬಾಗಿಲ ಕಡೆ ನೋಡಿ, ತಲೆಯ ಮೇಲಿನ ಸೆರಗು ಸರಿಸಿ, ಮೆಲ್ಲಗೆ ಹೇಳಿದಳು: "ಒಂಬತ್ತ್ರಿ ಅಕ್ಕಾರ. ಮೊದಲಿಂದಾನೂ ಒಂಬತ್ತ."

"ಮತ್ತ ಎರಡು ಅಂತ ಯಾಕ ಹೇಳ್ತಿದ್ದಿ ಯವ್ವಾ?"

"ಮಾವ ಇಲ್ಲೇ ಕುಂತಿರ್ತಾರಲ್ರಿ. ಅವರ ಮುಂದ ಹ್ಯಾಂಗ ಹೇಳ್ಲಿ?"

ಸುಮಂಗಲಾಗೆ ತನ್ನ ಮೇಲೆಯೇ ಸಿಟ್ಟು ಬಂತು. ಧಾರವಾಡದ ಮನೆಯಲ್ಲಿ ಬೆಳೆದವಳಿಗೆ ಇಷ್ಟೂ ತಿಳಿಯಬಾರದೇ? ಚಾರ್ಟಿನಲ್ಲಿ ಮೂರು ದಿನದ ಎರಡುಗಳೂ ಅವಳದೇ ಅಕ್ಷರದಲ್ಲಿದ್ದವು. ಒಂಬತ್ತು ಎಂದು ಬರೆದು, ಡಾಕ್ಟರನ್ನು ಕರೆಯಲು ಹೊರಟಳು.

ಬಾಗಿಲಲ್ಲಿ ಅವ್ವಣ್ಣ ಚಹಾ ಹಿಡಿದು ನಿಂತಿದ್ದ. ಅವಳ ಬೆನ್ನ ಹಿಂದೆ, ಹಾಸಿಗೆಯಲ್ಲಿ, ಯಂಕವ್ವನ ಸೆರಗು ಮತ್ತೆ ಹಣೆಗಿಳಿಯಿತು.

"ನಮ್ಮ ಸೊಸಿ ಭಾಳ ಗಟ್ಟಿ ಅದಾಳ್ರಿ," ಎಂದ ಅವನು ಹೆಮ್ಮೆಯಿಂದ. "ಒಂದಿನಾನೂ ಎರಡರ ಮ್ಯಾಲ ಹೋಗಿಲ್ಲ."