ಈ ವಾರದ ಪಾಪ

ನೆನೆಹಾಕಿದ ಅವರೆಕಾಳನ್ನು ಹಿತುಕುತ್ತಾ ನಾನೂ ಮೊಮ್ಮಗಳು ಪ್ರಭಾಳೂ ಜಗಲಿಯ ಮೇಲೆ ಕೂತಿದ್ದೆವು. ಒಂದು ಕಾಳು ಅವಳ ಬೆರಳಿನಿಂದ ಚಿಮ್ಮಿ ನನ್ನ ಕನ್ನಡಕಕ್ಕೆ ಬಡಿಯಿತು.

"ಬೇಕಂತಲೇ ಹೊಡೆದೆ ಕಣೇ ನೀನು."

"ಇಲ್ಲಜ್ಜಿ, ಕಾಳಿಗೇ ನಿನ್ನ ಮೇಲೆ ಕೋಪ. ರಾತ್ರಿಯೆಲ್ಲ ನೀರಲ್ಲಿ ಮುಳುಗಿಸಿದ್ಯಲ್ಲ."

ಅಷ್ಟರಲ್ಲಿ ಸೊಸೆ ಸುಗುಣ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು. ಸಾರಿಗೆ ಏನು ಹಾಕಲಿ ಎಂದು ಕೇಳುವ ಧ್ವನಿಯಲ್ಲಿಯೇ ಕೇಳಿದಳು.

"ಅತ್ತೆ, ಈ ವಾರ ಏನು ಪಾಪ ಹೇಳ್ಲಿ?"

ಅಂದು ಶುಕ್ರವಾರ. ರಾಜ್ಯ ಒಂದಾದ ಮರುವರ್ಷದ ಮಾತು ಇದು. ಆಗ ಕೆಂಗೇರಿಯಲ್ಲಿ ನಮ್ಮ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ರೈಲು ನಿಲ್ದಾಣದ ಹಿಂದಿನ ಹೆಂಚಿನ ಕೋಣೆಯೇ ನಮ್ಮ ದೇವಾಲಯ. ಪಾದ್ರಿಗಳಾದ ಅಯ್ಯಗಳು ಬೆಂಗಳೂರಿನಿಂದ ತಿಂಗಳಿಗೊಮ್ಮೆ ಬಂದು ಹೋಗುವವರು. ಉಳಿದಂತೆ ಸಭೆಯನ್ನು ನಡೆಸುತ್ತಿದ್ದವರು ಹಿರಿಯರಾದ ದಾನಿಯೇಲಪ್ಪನವರು.

ಪ್ರಭಾ ಅಂಗಳದಲ್ಲಿ ಓಡಾಡಿಕೊಂಡಿದ್ದ ಮಗು. ಒಂದು ಜ್ವರ ಬಂತು, ಬಿಟ್ಟಿತು, ಹೋಗುವಾಗ ಎರಡು ಕಾಲಿನ ಬಲವನ್ನೂ ತೆಗೆದುಕೊಂಡು ಹೋಯಿತು. ನಾವು ಪ್ರಾರ್ಥಿಸಿದೆವು. ಉಪವಾಸ ಮಾಡಿದೆವು. ಮಗುವಿನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಸುಗುಣ ಬೇಡಿಕೊಂಡದ್ದನ್ನು ಕೇಳಿದ್ದರೆ ಕಲ್ಲೂ ಕರಗಬೇಕಿತ್ತು. ಕಾಲು ಮಾತ್ರ ಬರಲಿಲ್ಲ.

ಬೇಡಿದ್ದು ಸಿಗದಿದ್ದರೆ ಆ ಮನೆಯಲ್ಲಿ ಪಾಪ ಅಡಗಿದೆ ಎಂಬುದು ನಮ್ಮ ಸಭೆಯ ನಂಬಿಕೆ. ಮನೆಯ ಹೆಂಗಸು ಶುಕ್ರವಾರದ ಕೂಟದಲ್ಲಿ ಎದ್ದು ನಿಂತು ಆ ಪಾಪವನ್ನು ಎಲ್ಲರ ಮುಂದೆ ಒಪ್ಪಿಕೊಳ್ಳಬೇಕು. ದಾನಿಯೇಲಪ್ಪನವರ ತಂದೆಯ ಕಾಲದಿಂದ ನಡೆದು ಬಂದ ಪದ್ಧತಿ ಇದು. ಮಕ್ಕಳಾಗದವರು ನಿಂತಿದ್ದಾರೆ, ಗಂಡ ಬಿಟ್ಟು ಹೋದವರು ನಿಂತಿದ್ದಾರೆ. ಒಬ್ಬ ಗಂಡಸು ನಿಂತದ್ದನ್ನು ನಾನು ಕಂಡಿಲ್ಲ.

ಸುಗುಣ ಮೊದಮೊದಲು ನಿಜವನ್ನೇ ಹೇಳಿದಳು. ನಾದಿನಿಯ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದು, ಪ್ರಾರ್ಥನೆಯ ಹೊತ್ತಿನಲ್ಲಿ ತೂಕಡಿಸಿದ್ದು. ಅವಳು ಹೇಳಿ ಮುಗಿಸಿದ ಕೂಡಲೇ ಇಬ್ಬರು ಗಂಡಸರು ಪ್ರಭಾಳನ್ನು ರಟ್ಟೆ ಹಿಡಿದು ಎಬ್ಬಿಸುವರು. "ನಡೆ ಮಗಳೇ" ಎಂದು ಕೈ ಬಿಡುವರು. ಮಗು ಬೀಳುವುದು. ಹಾಗಾದರೆ ಇನ್ನೂ ಏನೋ ಉಳಿದಿದೆ ಎಂದು ಕೂಟ ಮುಗಿಯುವುದು. ಬರಬರುತ್ತಾ ಹೇಳಲು ಪಾಪವೇ ಉಳಿಯಲಿಲ್ಲ. ಸೊಸೆ ಕಟ್ಟಿ ಹೇಳತೊಡಗಿದಳು. ಅತ್ತೆಯ ಡಬ್ಬಿಯಿಂದ ಸಕ್ಕರೆ ಕದ್ದೆ ಎಂದಳು. ನಮ್ಮ ಮನೆಗೆ ಸಕ್ಕರೆ ಬರುತ್ತಿದ್ದುದೇ ಕ್ರಿಸ್‌ಮಸ್ಸಿಗೆ.

ಜನ ನಂಬಿದರು. ಬಾವಿಯ ಹತ್ತಿರ ಅವಳನ್ನು ಕಂಡರೆ ಹೆಂಗಸರು ತಮ್ಮ ಬಿಂದಿಗೆಗಳನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದರು.

ಇಷ್ಟಕ್ಕೂ ದಾರಿ ಇಲ್ಲದೆ ಇರಲಿಲ್ಲ. ಬೆಂಗಳೂರಿನ ಆಸ್ಪತ್ರೆಯೊಂದರ ಡಾಕ್ಟರಮ್ಮ ಮಗುವನ್ನು ನೋಡಿ ಖಂಡಿತವಾಗಿ ಹೇಳಿದ್ದರು. "ಮೊದಲಿನ ಕಾಲು ಬರಲ್ಲಮ್ಮ. ಕಾಲಿಗೆ ಕಬ್ಬಿಣದ ಕಟ್ಟು ಹಾಕಿ, ಕಂಕುಳಿಗೆ ಕೋಲು ಕೊಟ್ಟರೆ ನಡೀತಾಳೆ, ಸ್ಕೂಲಿಗೆ ಹೋಗ್ತಾಳೆ. ತಡ ಮಾಡಿದಷ್ಟೂ ಕಾಲು ಸೊಟ್ಟಗಾಗುತ್ತೆ. ಒಪ್ಪಿಗೆ ಬರೆದು ಕಳಿಸಿ, ಹಾಸಿಗೆ ಕೊಡ್ತೀನಿ." ಈಸ್ಟರ್ ಕಳೆದ ವಾರವೇ ನಾನು ಕಾಗದ ಬರೆದೆ, ಮಗ ಮರಿಯಪ್ಪ ರುಜು ಹಾಕಿದ. ದಾನಿಯೇಲಪ್ಪನವರಿಗೆ ತಿಳಿಯಿತು. "ಕಬ್ಬಿಣ ಕಟ್ಟಿಸಿದ್ರೆ ದೇವರ ಮೇಲೆ ನಂಬಿಕೆ ಇಲ್ಲ ಅಂತ ಬರ್ಕೊಟ್ಟ ಹಾಗೆ" ಎಂದರು. ರೈಲ್ವೆಯಲ್ಲಿ ಹಳಿ ರಿಪೇರಿ ಮಾಡುವ ನನ್ನ ಮಗ ಗಟ್ಟಿ ಆಳು, ಆದರೆ ಹಿರಿಯರ ಮುಂದೆ ಹತ್ತಿ. ಕಾಗದ ಟ್ರಂಕಿಗೆ ಹೋಯಿತು. ಮಳೆಗಾಲ ಕಳೆದು ಅವರೆಕಾಯಿ ಬಂದರೂ ಅಲ್ಲೇ ಇತ್ತು.

ಆ ಸಂಜೆ ಕೂಟದಲ್ಲಿ ಸುಗುಣ ಎದ್ದು ನಿಂತಳು.

"ಪಕ್ಕದ ಮನೆ ಯಶೋದಮ್ಮನೋರ ಕೋಳಿ ನಮ್ಮ ಹಿತ್ತಲಲ್ಲಿ ಮೊಟ್ಟೆ ಇಟ್ಟಿತ್ತು. ನಾನು ವಾಪಸ್ ಕೊಡಲಿಲ್ಲ."

ಯಾರೋ ಕಿಸಕ್ಕೆಂದರು. ದಾನಿಯೇಲಪ್ಪನವರು ನಗಲಿಲ್ಲ.

"ಒಂದು ಮೊಟ್ಟೆಗೆ ದೇವರು ಮಗೂ ಕಾಲು ಹಿಡ್ಕೊಂಡು ಕೂತಿರ್ತಾನೇನಮ್ಮ? ದೊಡ್ಡದೇ ಏನೋ ಇದೆ." ಪ್ರಭಾಳ ಮುಖವನ್ನೂ ನನ್ನ ಮಗನ ಮುಖವನ್ನೂ ಹೋಲಿಸುವವರ ಹಾಗೆ ನೋಡಿದರು. "ಮರಿಯಪ್ಪ, ನೀನು ಸ್ವಲ್ಪ ಹೊರಗಿರಪ್ಪ. ಗಂಡನ ಮುಂದೆ ಬಾಯಿಗೆ ಬರದ ಪಾಪ ಅಂತ ಇರುತ್ತೆ."

ಕೋಣೆಯಲ್ಲಿ ಎಲ್ಲರಿಗೂ ಅರ್ಥವಾಯಿತು. ಮರಿಯಪ್ಪ ಹೊರಗೂ ಹೋಗಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಸುಗುಣ ಮಗಳ ಕಾಲುಗಳನ್ನು ನೋಡುತ್ತಿದ್ದಳು. ಅವಳು ಅದನ್ನೂ ಒಪ್ಪಿಕೊಂಡುಬಿಡುತ್ತಾಳೆ ಎಂದು ನನಗೆ ಅನ್ನಿಸಿತು. ಮಗಳು ನಡೆಯುವುದಾದರೆ ತನ್ನ ಮಾನ ಹೋಗಲಿ ಎಂದು ನಿರ್ಧರಿಸಿದ ಮುಖ ಅದು. ತುಟಿ ತೆರೆದಳು.

"ಹೌದು, ನಾನು..."

"ಅಮ್ಮಾ!" ಚಾಪೆಯ ಮೇಲಿಂದ ಪ್ರಭಾ ಕೂಗಿದಳು. "ಹೇಳಬೇಡ! ನೀನು ಸಕ್ಕರೇನೂ ಕದ್ದಿಲ್ಲ, ಮೊಟ್ಟೇನೂ ಕದ್ದಿಲ್ಲ. ಸುಳ್ಳು ಹೇಳಿ ತರೋ ಕಾಲು ನನಗೆ ಬೇಡ!"

ಸುಗುಣ ಮಗಳ ಮುಖ ನೋಡಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇಲ್ಲ ದಾನಿಯೇಲಪ್ಪನೋರೆ. ನನ್ನ ಹತ್ರ ಇನ್ನು ಪಾಪ ಇಲ್ಲ. ಮೊದಲು ಹೇಳಿದ್ದು ನಿಜ, ಆಮೇಲೆ ಹೇಳಿದ್ದೆಲ್ಲ ಕಟ್ಟಿದ್ದು."

"ದೇವರ ಮನೇಲಿ ಸುಳ್ಳಾ! ನೋಡಿ, ಅದಕ್ಕೇ ಪ್ರಾರ್ಥನೆ ಮೇಲಕ್ಕೆ ಹೋಗ್ತಿಲ್ಲ."

"ನಿಜ ಹೇಳಿದಾಗ ಹೋಗಿತ್ತಾ?" ಅವಳ ಧ್ವನಿ ಏರಿತು. "ಕರ್ತ ಶಿಲುಬೆಗೆ ಹೋಗೋ ಮುಂಚೆ ತೋಟದಲ್ಲಿ ಮೊಣಕಾಲೂರಿ ಬೇಡ್ಕೊಂಡನಲ್ಲ, ಈ ಸಂಕಟ ತಪ್ಪಿಸಪ್ಪಾ ಅಂತ. ತಪ್ಪಿತಾ? ಅವನ ತಾಯಿ ಯಾವ ಪಾಪ ಮುಚ್ಚಿಟ್ಟಿದ್ಲು? ಹೇಳಿ, ಕೇಳ್ತೀನಿ."

ದಾನಿಯೇಲಪ್ಪನವರು ಬೆಂಚಿನ ಅಂಚು ಹಿಡಿದುಕೊಂಡರು. ಅವರ ದನಿ ಒಮ್ಮೆಗೇ ಇಳಿಯಿತು.

"ಮತ್ಯಾಕೆ ಕೇಳಲ್ಲ ಅವನು? ನನ್ನ ಹೆಂಡ್ತಿ ಸಾಯೋವಾಗ ನಾನೂ ಹಾಗೇ ಬೇಡ್ಕೊಂಡೆ. ಅವಳಲ್ಲಿ ಏನೋ ಪಾಪ ಇರಲೇಬೇಕು. ಇಲ್ದಿದ್ರೆ... ಇಲ್ದಿದ್ರೆ ಯಾಕೆ?"

ಆಗ ನಾನು ಎದ್ದೆ. "ಯಾಕೋ ನನಗೆ ಗೊತ್ತಿಲ್ಲ, ದಾನಿಯೇಲಪ್ಪ. ಇಷ್ಟು ವಯಸ್ಸಾದರೂ ಗೊತ್ತಾಗಿಲ್ಲ. ನಾನು ದಿನಾ ಕೇಳ್ತೀನಿ, ಅವನು ಸುಮ್ಮನಿರ್ತಾನೆ, ನಾಳೆ ಮತ್ತೆ ಕೇಳ್ತೀನಿ. ಜಗಳ ಆಡೋದಿದ್ರೆ ನೀನೂ ಅವನ ಹತ್ರಾನೇ ಆಡು. ಸತ್ತ ಆ ಪುಣ್ಯವಂತೇನ ಯಾಕೆ ಬೈತೀಯ? ನನ್ನ ಸೊಸೇನ ಯಾಕೆ ನಿಲ್ಲಿಸ್ತೀಯ?"

ಅವರ ಕಣ್ಣು ತುಂಬಿದ್ದನ್ನು ನಾನು ಕಂಡೆ. ಆದರೆ ಎಷ್ಟೋ ವರ್ಷದಿಂದ ಆತುಕೊಂಡ ಗೋಡೆಯನ್ನು ಒಂದು ಸಂಜೆಗೆ ಯಾರು ಬಿಟ್ಟಾರು? ಮತ್ತೆ ಬಿಗಿದುಕೊಂಡರು.

"ತಪ್ಪು ಒಪ್ಕೊಳ್ಳೋ ತನಕ ನಿಮ್ಮ ಮನೆಯವರು ಯಾರೂ ಕರ್ತನ ಭೋಜನದ ರೊಟ್ಟಿಗೆ ಕೈ ಚಾಚೋ ಹಾಗಿಲ್ಲ."

"ಅಯ್ಯಗಳು ಬಂದಾಗ ನಾನೇ ಕೇಳ್ತೀನಿ" ಎಂದಳು ಸುಗುಣ. "ಅವರೂ ಕೊಡಲ್ಲ ಅಂದ್ರೆ ಬಾಗಿಲಲ್ಲಿ ಕೂತು ಹಾಡ್ತೀನಿ. ಹಾಡೋಕೆ ನಿಮ್ಮ ಅಪ್ಪಣೆ ಬೇಕಿಲ್ಲ."

ರೂಢಿಯಂತೆ ಇಬ್ಬರು ಗಂಡಸರು ಪ್ರಭಾಳ ರಟ್ಟೆಗೆ ಕೈ ಹಾಕಲು ಬಗ್ಗಿದರು.

"ಮುಟ್ಟಬೇಡಿ ಅವಳನ್ನ."

ಅದು ಮರಿಯಪ್ಪನ ದನಿ. ಆ ಕೋಣೆಯಲ್ಲಿ ಅವನು ಅಷ್ಟು ಗಟ್ಟಿಯಾಗಿ ಆಡಿದ ಮೊದಲ ಮಾತು ಅದೇ. ಮಗಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು, ಹೆಂಡತಿಗೆ ದಾರಿ ಬಿಟ್ಟು, ಅವಳ ಹಿಂದೆ ಹೊರಗೆ ನಡೆದ.

ಇದನ್ನು ಓದುವ ತಾಯಂದಿರೇ, ದೇವರು ಮೌನವಾಗಿದ್ದಾಗ ಆ ಮೌನಕ್ಕೆ ಅರ್ಥ ಹೇಳಲು ಬರುವವರು ಬಹಳ ಜನ. ಅವರ ಬೆರಳು ಯಾವಾಗಲೂ ಒಬ್ಬ ಹೆಂಗಸಿನ ಕಡೆಗೇ ಏಕೆ ತಿರುಗುತ್ತದೆ ಎಂದು ಒಮ್ಮೆ ಕೇಳಿ ನೋಡಿ.

ಮಾರನೆಯ ಬೆಳಗ್ಗೆ ಮರಿಯಪ್ಪ ಟ್ರಂಕು ತೆರೆದು ಕಾಗದ ತೆಗೆದ. "ತಾರೀಖು ಹಳೇದಾಯ್ತು. ಬೇರೆ ಬರೆದುಕೊಡಮ್ಮ" ಎಂದ.

"ಬೇಡ" ಎಂದಳು ಸುಗುಣ. "ಹಾಗೇ ಹೋಗ್ಲಿ. ಎಷ್ಟು ತಡ ಮಾಡಿದ್ವಿ ಅಂತ ಡಾಕ್ಟರಮ್ಮನಿಗೂ ಗೊತ್ತಾಗ್ಲಿ."

ನಾವು ನಾಲ್ವರೂ ಹೊರಟೆವು. ಬಾವಿಯ ಬಳಿ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಸುಗುಣ ತಲೆ ತಗ್ಗಿಸಲಿಲ್ಲ. ಮೈಸೂರು ರಸ್ತೆಯ ಅಂಚೆ ಡಬ್ಬಿಯ ಮುಂದೆ ಮರಿಯಪ್ಪ ಮಗಳನ್ನು ಹೆಗಲ ಮೇಲಕ್ಕೆ ಏರಿಸಿಕೊಂಡ. ಪ್ರಭಾ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದಳು.

"ಅಪ್ಪಾ, ಪ್ರಾರ್ಥನೆ ಮಾಡ್ಲಾ?"

"ಮೊದಲು ಹಾಕಮ್ಮ" ಎಂದ ಮರಿಯಪ್ಪ. "ಹಾಕಿದ ಮೇಲೆ ಎಲ್ಲರೂ ಸೇರಿ ಮಾಡೋಣ."

ಪ್ರಭಾ ಕಣ್ಣು ತೆರೆದು ಕಾಗದವನ್ನು ಡಬ್ಬಿಯೊಳಗೆ ಹಾಕಿದಳು.