ಮಂಗಳವಾರದ ಗಂಡ

ಒಂಬತ್ತು ವರ್ಷ ನನಗೊಬ್ಬ ಗಂಡನಿದ್ದ. ಪ್ರತಿ ಮಂಗಳವಾರ ಸಂಜೆ ನಾಲ್ಕರಿಂದ ಆರರವರೆಗೆ, ಅಂಧೇರಿಯ ಒಂದು ಸ್ಟುಡಿಯೋದ ಗಾಜಿನ ಕೋಣೆಯಲ್ಲಿ, ಹೆಡ್‌ಫೋನಿನೊಳಗೆ. ಮುಖ ನೋಡಿರಲಿಲ್ಲ. ಹೆಸರು ಚಂದ್ರಾಮ ಎಂದು ಗೊತ್ತಿತ್ತು, ಅದೂ ರೆಕಾರ್ಡಿಂಗ್ ಮಾಡುವ ಸುಕೇಶ್ ತನ್ನ ಕಂಪ್ಯೂಟರಿನಲ್ಲಿ ಫೈಲಿಗೆ ಆ ಹೆಸರು ಕೊಟ್ಟಿದ್ದರಿಂದ.

ಗಾಬರಿಯಾಗಬೇಡಿ. ಟೀವಿಯಲ್ಲಿ ನೋಡುವಂಥದ್ದು ಏನೂ ಇಲ್ಲದ ಹೊತ್ತಿನಲ್ಲಿ ಅರ್ಧರ್ಧ ಗಂಟೆಯ ಜಾಹೀರಾತು ಬರುತ್ತದಲ್ಲ, ಅದರ ಮಾತು. ಬಿಳಿ ಟೈಲ್ಸಿನ ಮೇಲೆ ಎಣ್ಣೆ, ಅರಿಶಿನ, ಮಸಿ ಎಲ್ಲ ಸುರಿಯುತ್ತಾರೆ. ಮೇಲೆ ‘ಚಮಚಮ್ ಪ್ಲಸ್’ ಚಿಮುಕಿಸಿ ಒಂದು ಸಲ ಒರೆಸಿದರೆ ಫಳಫಳ. ಕೂಡಲೇ ಫೋನ್ ಮಾಡಿ, ಒಂದು ಬಾಟಲಿಗೆ ಇನ್ನೊಂದು ಉಚಿತ. ಮೂಲ ಎಲ್ಲ ಹಿಂದಿ. ಕಲೆ ನೋಡಿ ತಲೆಗೆ ಕೈ ಹಚ್ಚುವವಳು ಯಾರೋ ಒಬ್ಬಳು ಚೆಂದದ ಹುಡುಗಿ. ಅವಳ ಕನ್ನಡದ ‘ಅಯ್ಯೋ’ ಮಾತ್ರ ನನ್ನದು. ಜಾಹೀರಾತಿನಲ್ಲಿ ಅವಳ ಹೆಸರು ಸುಮಾ. ಅವಳ ಗಂಡನಾಗಿ ಕನ್ನಡದಲ್ಲಿ ಮಾತಾಡುವವನು ಚಂದ್ರಾಮ.

ನಾನು ವಾರಿಜಾ. ಊರು ಉಡುಪಿ ಕಡೆ ಎಂದು ಹೇಳುವುದು ಅಭ್ಯಾಸ, ಹುಟ್ಟಿ ಬೆಳೆದದ್ದು ಮಾತ್ರ ಮುಂಬಯಿಯ ಸಯನ್‌ನಲ್ಲಿ. ಒಂದು ಕನ್ನಡ ಶಾಲೆಯ ಆಫೀಸಿನಲ್ಲಿ ಕ್ಲರ್ಕು. ಕನ್ನಡ ಸಂಘದ ನಾಟಕಗಳಲ್ಲಿ ಪರದೆಯ ಹಿಂದೆ ನಿಂತು ಮಾತು ಹೇಳಿಕೊಡುತ್ತಿದ್ದೆ, ಅದನ್ನು ಕೇಳಿ ಯಾರೋ ಈ ಕೆಲಸಕ್ಕೆ ಕರೆದರು. ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ತೀರಿಕೊಂಡರು. ಒಂದು ಲೆಕ್ಕದಲ್ಲಿ ನಿರಾಳ. ಇನ್ನೊಂದು ಲೆಕ್ಕದಲ್ಲಿ, ಕೇಳುವವರೂ ಇಲ್ಲ.

ಡಬ್ಬಿಂಗ್ ಎಂದರೆ ತುಟಿ ನೋಡುವ ಕೆಲಸ. ಪರದೆಯ ಮೇಲಿನವರು ಬಾಯಿ ತೆರೆದಾಗ ತೆರೆಯಬೇಕು, ಮುಚ್ಚಿದಾಗ ಮುಚ್ಚಬೇಕು. ವರ್ಷಗಟ್ಟಲೆ ಇದನ್ನೇ ಮಾಡಿದರೆ ಮನುಷ್ಯರ ಕಣ್ಣು ನೋಡಿ ಮಾತಾಡುವುದೇ ಮರೆತುಹೋಗುತ್ತದೆ. ಮೀನಿನವಳ ಹತ್ತಿರವೂ ನಾನು ಅವಳ ಬಾಯಿ ನೋಡಿಕೊಂಡೇ ಚೌಕಾಸಿ ಮಾಡುವುದು.

ಚಂದ್ರಾಮ ಮಂಗಳವಾರ ಬೆಳಿಗ್ಗೆ ಬಂದು ತನ್ನ ಮಾತುಗಳನ್ನು ಹೇಳಿ ಹೋಗುತ್ತಿದ್ದ. ಶಾಲೆ ಮುಗಿಸಿ ನಾನು ಹೋಗುವಷ್ಟರಲ್ಲಿ ಅವನ ದನಿ ನನಗಾಗಿ ಕಾಯುತ್ತಿರುತ್ತಿತ್ತು. ಗಟ್ಟಿ ದನಿ, ಆದರೆ ಒರಟಲ್ಲ. “ಸುಮಾ, ಇಷ್ಟು ಹೊತ್ತು ಉಜ್ಜಿ ಉಜ್ಜಿ ಕೈ ನೋಯಿಸಿಕೊಂಡೆಯಲ್ಲ, ನನಗೆ ಒಂದು ಮಾತು ಹೇಳಬಾರದಿತ್ತೇ?” ಬರೆದವನು ಯಾವನೋ ಗೊತ್ತಿಲ್ಲ, ಟೈಲ್ಸಿಗಾಗಿ ಬರೆದದ್ದು. ನನಗೆ ಮಾತ್ರ ಮೊದಲ ಸಲ ಕೇಳಿದಾಗ ಹೇಳಬೇಕಾದ ಮಾತೇ ತಪ್ಪಿಹೋಗಿ, ಸುಕೇಶ್ “ಅಕ್ಕ, ಪಾನಿ?” ಎಂದು ಕೇಳುವ ಹಾಗಾಯಿತು. ನನ್ನ ಕೈ ನೋಯುತ್ತದೆಯೇ ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಮುಂದಿನ ಮಂಗಳವಾರದಿಂದ ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಹೋಗತೊಡಗಿದೆ. ದನಿಗೆ ಕಣ್ಣಿಲ್ಲ ಎಂಬಷ್ಟು ಬುದ್ಧಿ ನನಗೂ ಇದೆ. ಆದರೂ ಉಟ್ಟೆ.

ಕಳೆದ ವರ್ಷ ದೀಪಾವಳಿಯ ನಂತರ ಅವನು ಬರುವುದು ನಿಂತಿತು. ಗಂಟಲಿಗೆ ಏನೋ ಆಗಿದೆಯಂತೆ ಎಂದ ಸುಕೇಶ್. ಹಳೆಯ ಮಾತುಗಳನ್ನೇ ಕತ್ತರಿಸಿ ಜೋಡಿಸಿ ಕೆಲವು ತಿಂಗಳು ದೂಡಿದೆವು. ಆಮೇಲೆ ಒಂದು ದಿನ ಸುಕೇಶ್ ನನ್ನನ್ನು ಕೂರಿಸಿ ಚಹಾ ತರಿಸಿದ. ಚಹಾ ತರಿಸಿದಾಗಲೇ ನನಗೆ ಗೊತ್ತಾಯಿತು, ಏನೋ ಕೆಟ್ಟದಿದೆ ಎಂದು.

“ವಾರಿಜಕ್ಕ, ಬರುವ ತಿಂಗಳಿಂದ ರೆಕಾರ್ಡಿಂಗ್ ನಹೀಂ ಹೈ. ಸಾಫ್ಟ್‌ವೇರೇ ಮಾತಾಡ್ತದೆ. ಕನ್ನಡ, ತೆಲುಗು, ಸಬ್ ಕುಛ್.”

“ಯಾರ ದನಿಯಲ್ಲಿ?”

“ನಿಮ್ದೇ. ಚಂದ್ರಾಮಣ್ಣನ್ದೇ. ಒಂದು ಫಾರ್ಮ್ ಸೈನ್ ಮಾಡಿದ್ರೆ ಬಸ್.” ತನ್ನ ಅಪರಾಧವೇನೋ ಎಂಬಂತೆ ಅವನು ಬಗ್ಗಿಸಿದ ತಲೆ ಎತ್ತಲಿಲ್ಲ. “ಅವರ ಫಾರ್ಮ್ ಕೊರಿಯರ್ ಮಾಡ್ತೇನೆ.”

“ಕೊರಿಯರ್ ಬೇಡ ಮಾರಾಯ. ನಾನೇ ಕೊಂಡೋಗಿ ಕೊಡ್ತೇನೆ,” ಎಂದುಬಿಟ್ಟೆ.

ಇಷ್ಟು ವರ್ಷ ನಾನು ಆ ಮನುಷ್ಯನಿಗೆ ಉತ್ತರ ಕೊಟ್ಟಿದ್ದೆ. ಗದರಿದ್ದೆ, ನಕ್ಕಿದ್ದೆ, “ಹೋಗಿ, ನಿಮ್ಮದೊಂದು” ಎಂದು ನಾಚಿದ್ದೆ. ಅವನ ಎದುರಿಗೆ ಒಂದು ಸಲ ನಿಂತು, ನಾನೇ ಅವಳು ಎಂದು ಅವನಿಗೆ ಗೊತ್ತಾಗಬೇಕು. ನನಗೆ ಬೇಕಾಗಿದ್ದು ಅಷ್ಟೇ. ‘ಓ, ನೀವಾ!’ ಎಂದು ಅವನು ಒಮ್ಮೆ ಅಂದರೆ ಸಾಕಿತ್ತು.

ಭಾನುವಾರ ದಾದರಿನಲ್ಲಿ ಗಾಡಿ ಬದಲಿಸಿ ಬೊರಿವಲಿಗೆ ಹೋದೆ. ಲೋಕಲ್‌ನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು, ಆದರೆ ಹೊರಗೆ ಏನು ನೋಡಿದೆನೋ ನೆನಪಿಲ್ಲ. ಅವನು ಬಿಜಾಪುರದ ಕಡೆಯವನು, ಒಂದು ಹೌಸಿಂಗ್ ಸೊಸೈಟಿಯಲ್ಲಿ ವಾಚ್‌ಮನ್ ಆಗಿದ್ದ ಎಂದು ಸುಕೇಶ್ ಹೇಳಿದ್ದ. ಹೆಂಡತಿಯ ಬಗ್ಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಕೇಳಬೇಕೆಂದು ಅನಿಸದೆ ಇದ್ದದ್ದಲ್ಲ.

ಸ್ಟೇಷನ್ನಿನಿಂದ ರಿಕ್ಷಾ ಹಿಡಿದು ಇಳಿದ ಮೇಲೂ ಎರಡು ಗಲ್ಲಿ ನಡೆಯಬೇಕಿತ್ತು. ಸಾಲು ಕೋಣೆಗಳ ಚಾಳು, ಅದರ ಕೊನೆಯ ಖೋಲಿ. ಬಾಗಿಲು ತೆರೆದೇ ಇತ್ತು, ಅರ್ಧಕ್ಕೆ ಪರದೆ. ನಾನು ಹೊರಗೆ ನಿಂತು, “ಚಂದ್ರಾಮ ಅವರ ಮನೆ ಇದೇ ಅಲ್ವಾ?” ಎಂದೆ.

ಒಳಗೆ ಪಾತ್ರೆಯ ಸದ್ದು ನಿಂತಿತು. ಪರದೆ ಸರಿಯಿತು. ಐವತ್ತು ದಾಟಿದ ಹೆಂಗಸು, ಹಣೆ ತುಂಬ ಕುಂಕುಮ, ಒದ್ದೆ ಕೈ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

“ಬಂದ್ರ್ಯಾ,” ಎಂದಳು. “ಸುಮಾ ನೀವ ಅಲ್ರೀ?”

ಒಂದೇ ಒಂದು ವಾಕ್ಯಕ್ಕೆ ಗುರುತು ಹಿಡಿದಿದ್ದಳು. ನಾನು ಹಂಬಲಿಸಿದ ಮಾತು ಸಿಕ್ಕಿತು, ಸಿಗಬಾರದವರಿಂದ.

“ನಿಮಗೆ ಹೇಗೆ ಗೊತ್ತಾದ್ದು?”

“ನಾಕ್ ಮನಿ ನೆಲ ಒರಸತೀನ್ರಿ ನಾ. ಮೂರನೇ ಮನೀದು ನಮ್ಮ ಕಡೀ ಮಂದಿ, ಟೀವಿ ಕನ್ನಡದಾಗ ಹಚ್ಚಿರ್ತಾರ. ದಿನಾ ಎರಡಕ್ಕ ನೀವು ಬರ್ತೀರಿ, ಇವರೂ ಬರ್ತಾರ. ನಾ ಒರಸೂದು ಬಿಟ್ಟು ನಿಂದರತೀನಿ. ಟೀವಿ ನೋಡಾಕ ಬಂದೀಯೇನು ಅಂತ ಅವರು ಬೈತಾರ. ಅವ ನನ್ನ ಗಂಡ ಅಂತ ನಾ ಒಂದಿನಾನೂ ಹೇಳಿಲ್ಲ.” ಆಮೇಲೆ ದಾರಿ ಬಿಟ್ಟು ನಿಂತಳು. “ಒಳಗ ಬರ್ರಿ. ನಾ ದಾನೇಶ್ವರಿ.”

ಖೋಲಿಯ ಒಂದು ಬದಿಗೆ ಮಂಚ. ಮಂಚದ ಮೇಲೆ ಗೋಡೆಗೊರಗಿ ಒಬ್ಬ ತೆಳ್ಳಗಿನ ಮನುಷ್ಯ ಕುಳಿತಿದ್ದ. ಗಂಟಲಿಗೆ ಬಿಳಿ ಬಟ್ಟೆ ಕಟ್ಟಿತ್ತು. ನಾನು ನಮಸ್ಕಾರ ಎಂದೆ. ಅವನು ಕೈ ಜೋಡಿಸಿದ. ಬಾಯಿ ತೆರೆಯಿತು, ಮುಚ್ಚಿತು. ಗಾಳಿಯ ಸದ್ದು ಕೂಡ ಬರಲಿಲ್ಲ.

“ಆಪರೇಷನ್ ಆಗೈತ್ರಿ. ದನಿ ಪೆಟ್ಟಿಗೀನ ತಗದಾರ,” ಎಂದಳು ದಾನೇಶ್ವರಿ. “ಈಗ ಏನರ ಬೇಕಂದ್ರ ಚಪ್ಪಾಳಿ ಬಡೀತಾರ, ನಾ ಬರ್ತೀನಿ.”

ನಾನು ಕುಳಿತೆ. ಆ ದನಿ ಕೇಳಲೆಂದು ನಾನು ಬಂದಿದ್ದೆ. ಅದು ಈ ಊರಿನಲ್ಲಿ ಎಲ್ಲೂ ಇರಲಿಲ್ಲ, ಸುಕೇಶನ ಕಂಪ್ಯೂಟರಿನಲ್ಲಿ ಬಿಟ್ಟು.

“ಈಗಾದರೂ ಖರೇ ಹೇಳ್ರಿ,” ದಾನೇಶ್ವರಿ ನನ್ನ ಎದುರಿಗೆ ನೆಲದ ಮೇಲೆ ಕುಳಿತು ನೇರವಾಗಿ ಕೇಳಿದಳು. “ಮಂಗಳವಾರ ಬಂದ್ರ ಗಡ್ಡ ತಕ್ಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು ಹೋಗತಿದ್ರು. ದನಿಗೆ ಗಡ್ಡ ಯಾಕ ತಗೀಬೇಕ್ರಿ? ನಿಮ್ಮ ಕೂಡ ಅಷ್ಟು ಮಾತಾಡಿ ಬರೂ ಮನಶ್ಯಾ, ಮನ್ಯಾಗ ಊಟಕ್ಕ ಹಾಕು ಅನ್ನೂದು ಬಿಟ್ರ ಎರಡನೇ ಮಾತಿಲ್ಲ. ಒಂಬತ್ತು ವರ್ಷ ನಿಮಗ ಶಾಪ ಹಾಕೀನಿ ನಾ.”

ಮಂಚದ ಮೇಲಿನವನು ಕಣ್ಣು ಮುಚ್ಚಿದ. ನಗುವುದೋ ಅಳುವುದೋ ನನಗೆ ತಿಳಿಯಲಿಲ್ಲ.

“ನಾವು ಒಟ್ಟಿಗೆ ಮಾತಾಡಿದ್ದೇ ಇಲ್ಲ, ದಾನೇಶ್ವರಿಯವರೇ,” ಎಂದೆ. “ಅವರು ಬೆಳಿಗ್ಗೆ ಬಂದು ಒಬ್ಬರೇ ಹೇಳಿ ಹೋಗ್ತಾರೆ. ನಾನು ಸಂಜೆ ಬಂದು ಒಬ್ಬಳೇ ಹೇಳ್ತೇನೆ. ಇವತ್ತೇ ನಾನು ಅವರ ಮುಖ ನೋಡಿದ್ದು. ದೇವರಾಣೆ.”

ಆಕೆ ಗಂಡನ ಕಡೆ ತಿರುಗಿದಳು. “ಇವರ ದನಿ ಕೇಳಿಲ್ಲೇನ್ರಿ ನೀವು?”

ಅವನು ಇಲ್ಲ ಎಂದು ತಲೆಯಾಡಿಸಿದ. ನನ್ನ ಕಡೆ ನೋಡಿದ, ಪಾಪ, ಕ್ಷಮೆ ಕೇಳುವವನಂತೆ. ಬೆರಳಿನಿಂದ ಎದುರಿನ ಗೋಡೆ ತೋರಿಸಿ, ತನ್ನ ಬಾಯಿ ತೋರಿಸಿದ. ಗೋಡೆಯ ಮೇಲಿನ ಪರದೆ ನೋಡಿಕೊಂಡು ಒಬ್ಬನೇ ಹೇಳುತ್ತಿದ್ದೆ ಎಂದು. ಟೀವಿಯಲ್ಲಿ ಜಾಹೀರಾತು ಬರುವ ಹೊತ್ತಿಗೆ ಅವನು ಸೊಸೈಟಿಯ ಗೇಟಿನಲ್ಲಿ ಇರುತ್ತಿದ್ದನಂತೆ, ದಾನೇಶ್ವರಿ ಹೇಳಿದಳು. ಒಂದು ಸಲವೂ ಕೇಳಿರಲಿಲ್ಲ. ನಾನು ಗದರಿದ್ದು, ನಕ್ಕಿದ್ದು, ನಾಚಿದ್ದು, ಒಂದೂ ಅವನಿಗೆ ಮುಟ್ಟಿರಲಿಲ್ಲ. ಕೆಲಸದ ಕ್ರಮವೇ ಹಾಗೆ, ಇದರಲ್ಲಿ ಯಾರ ತಪ್ಪೂ ಇಲ್ಲ. ತಪ್ಪು ಇಲ್ಲ ಎಂದ ಮಾತ್ರಕ್ಕೆ ಸಂಕಟ ಕಡಿಮೆಯಾಗುತ್ತದೆಯೇ?

ಮಾತು ಬದಲಿಸಲು ಫಾರ್ಮ್ ತೆಗೆದೆ. ಇಲ್ಲಿ ಸಹಿ ಹಾಕಿದರೆ ಮುಂದೆ ಮಷೀನೇ ಇವರ ದನಿಯಲ್ಲಿ ಮಾತಾಡುತ್ತದೆ, ಬೇಡ ಎಂದರೆ ಬಲವಂತವಿಲ್ಲ ಎಂದು ವಿವರಿಸಿದೆ. ಚಂದ್ರಾಮ ಕಾಗದ ಮುಟ್ಟಲಿಲ್ಲ. ದಾನೇಶ್ವರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಓದಲು ಬರುತ್ತಿರಲಿಲ್ಲವೇನೋ.

“ಇವರದ ದನಿ ಇರತೈತ್ರೀ?”

“ಇವರದ್ದೇ. ಒಂಚೂರೂ ವ್ಯತ್ಯಾಸ ಗೊತ್ತಾಗುವುದಿಲ್ಲವಂತೆ.”

“ಏನ್ ಹೇಳಂದ್ರ ಅದನ್ನ ಹೇಳತೈತೇನ್ರಿ?”

“ಹೌದು. ಬರೆದು ಕೊಟ್ಟದ್ದನ್ನು ಹೇಳ್ತದೆ.”

ಆಕೆ ಕಾಗದವನ್ನು ನನ್ನ ಕೈಗೆ ವಾಪಸು ಕೊಟ್ಟು ಎದ್ದಳು. ಒಲೆಯ ಕಡೆ ಹೋಗಿ, ನಮಗೆ ಬೆನ್ನು ಹಾಕಿ ಚಹಾಕ್ಕೆ ನೀರಿಟ್ಟಳು. ಲೈಟರ್ ಎರಡು ಸಲ ಹೊತ್ತಲಿಲ್ಲ.

“ಹಂಗಾರ ನನ್ನ ಹೆಸರು ಹಿಡದು ಕರೀತೈತೇನ್ರಿ ಅದು?”

ಆಕೆಯೇ ಮುಂದುವರಿಸಿದಳು, ಪಾತ್ರೆಗೆ ಹೇಳುವವಳಂತೆ. “ನಮ್ಮ ಕಡೆ ಗಂಡಸರು ಹೇಣ್ತಿ ಹೆಸರು ಹಿಡದು ಕರಿಯಂಗಿಲ್ರಿ. ಏ ಇಕಿನ, ಅಂದ್ರ ನಾ. ಮಗ ಹುಟ್ಟಿದ ಮ್ಯಾಲೆ ಈಶ್ವರನ ಅವ್ವ. ಈಗ ಚಪ್ಪಾಳಿ. ಟೀವ್ಯಾಗ ಸುಮಾ, ಸುಮಾ ಅಂತ ಎಷ್ಟ್ ಚಂದ ಕರೀತಿದ್ರು. ಒಂದ್ ಸಲ ನನ್ನೂ ಕರೀಲಿ ಅಂತ ಅನಸ್ತಿತ್ತು. ಇನ್ನ ಮಷೀನಿಗೇ ಕೇಳಬೇಕು.”

ನೀರು ಕುದಿಯತೊಡಗಿತು. ಅಭ್ಯಾಸಬಲದಿಂದ ನಾನು ಚಂದ್ರಾಮನ ಬಾಯಿ ನೋಡಿದೆ.

ತುಟಿ ಅಲುಗುತ್ತಿತ್ತು. ಮೊದಲು ಅಗಲವಾಗಿ ತೆರೆಯಿತು. ಆಮೇಲೆ ಬದಿಗೆ ಎಳೆಯಿತು, ಮುಂದಕ್ಕೆ ಚಾಚಿ ಸಡಿಲವಾಯಿತು, ಕೊನೆಗೆ ಹಲ್ಲು ಕಾಣುವಷ್ಟು ತೆಳ್ಳಗಾಗಿ ನಿಂತಿತು. ಕತ್ತಿನ ನರ ಉಬ್ಬಿತ್ತು. ಅವನು ಮತ್ತೆ ಮೊದಲಿನಿಂದ ಶುರು ಮಾಡಿದ. ಅವಳ ಬೆನ್ನಿಗೆ ಕಿವಿಯಿತ್ತು, ಕಣ್ಣಿರಲಿಲ್ಲ. ಅವಳಿಗೆ ಗೊತ್ತಾಗುವಂತೆ ಮಾಡಲು ಅವನು ಚಪ್ಪಾಳೆ ತಟ್ಟಬಹುದಿತ್ತು. ತಟ್ಟಲಿಲ್ಲ. ಎರಡೂ ಕೈಯಲ್ಲಿ ಚಾದರ ಹಿಡಿದುಕೊಂಡಿದ್ದ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇದ್ದುಬಿಡೋಣ ಅನಿಸಿತು ಕೂಡ, ಸುಳ್ಳು ಯಾಕೆ ಹೇಳಲಿ. ಒಂಬತ್ತು ವರ್ಷ ಆ ಬಾಯಿಂದ ಬಂದ ಒಳ್ಳೆಯ ಮಾತೆಲ್ಲ ನನ್ನ ಕಿವಿಗೇ ಬಿದ್ದಿತ್ತು. ಇದೊಂದು ಮಾತ್ರ ನನ್ನದಲ್ಲ. ಅವನು ಮೂರನೇ ಸಲ ತುಟಿ ತೆರೆದಾಗ ನಾನೂ ತೆರೆದೆ. ದನಿ ತಗ್ಗಿಸಿ, ಸುಮಾಳದ್ದಲ್ಲದ, ನನ್ನದೂ ಅಲ್ಲದ ದನಿಯಲ್ಲಿ, ಅವನ ತುಟಿಗೆ ಸರಿಯಾಗಿ ಹೇಳಿದೆ.

“ದಾನೇಶ್ವರೀ.”

ಆಕೆಯ ಕೈಯಲ್ಲಿದ್ದ ಸಕ್ಕರೆಯ ಚಮಚ ಹಾಗೆಯೇ ನಿಂತಿತು. ಮಾತಾಡಿದ್ದು ಯಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ದನಿಯನ್ನು ಅವಳಷ್ಟು ಬಲ್ಲವರು ಈ ಭೂಮಿಯ ಮೇಲೆ ಇಲ್ಲ. ಆದರೂ ತಿರುಗಿದಾಗ ಅವಳು ನನ್ನನ್ನು ನೋಡಲಿಲ್ಲ. ಅವನನ್ನು ನೋಡಿದಳು.

“ಏನ್ರೀ?” ಎಂದಳು.

ಅವನ ತುಟಿ ಮತ್ತೆ ಅಲುಗತೊಡಗಿತು. ಈ ಸಲ ಉದ್ದದ ಮಾತು. ಕಣ್ಣು ತುಂಬಿಕೊಂಡರೆ ತುಟಿ ಕಾಣುವುದಿಲ್ಲ. ನಾನು ಸೆರಗಿನಿಂದ ಕಣ್ಣೊರೆಸಿಕೊಂಡು, ಅವನ ಬಾಯಿಯನ್ನೇ ನೋಡುತ್ತ ಹೇಳುತ್ತಾ ಹೋದೆ.